ಕಲ್ಲುಗುಪ್ಪೆಯ ಕೆಳಗಿನ ಮುಖ

ಶಿಷ್ಯನೊಬ್ಬ ಗುರುಗಳ ಬಳಿ ಬಂದು ಕೇಳಿದ: "ಗುರುಗಳೇ, ನನ್ನ ತಾಯಿಯನ್ನು ಮನೆಯಿಂದ ಹೊರಗೆ ಹಾಕಿದ ದೊಡ್ಡಪ್ಪನನ್ನು ಮರೆಯಬೇಕೆಂದು ಎಷ್ಟೋ ಕಾಲದಿಂದ ಹೆಣಗುತ್ತಿದ್ದೇನೆ. ಕಣ್ಣು ಮುಚ್ಚಿದರೆ ಅವನ ಮುಖವೇ ಎದುರಿಗೆ ನಿಲ್ಲುತ್ತದೆ. ತೀರಿಹೋದ ತಾಯಿಯ ಮುಖ ಮಾತ್ರ ಎಷ್ಟು ನೆನೆದರೂ ಮಸುಕು ಮಸುಕು. ಹೀಗೇಕೆ?"

ಗುರುಗಳು ಅವನನ್ನು ಕೂರಿಸಿ ಒಂದು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ವ್ಯಾಪಾರಿ ಇದ್ದ. ಅವನ ವಂಶದ ಹಿರಿಯನೊಬ್ಬ ಹಿಂದೆ ಯಾವುದೋ ಕಾಲದಲ್ಲಿ ದೊರೆಯ ಸೈನ್ಯ ಸೇರಿ ಕಾಳಗದಲ್ಲಿ ಮಡಿದಿದ್ದ. ಹಿರಿಯ ಹಿಡಿದದ್ದು ಕತ್ತಿ, ಮೊಮ್ಮಕ್ಕಳು ಹಿಡಿದದ್ದು ತಕ್ಕಡಿ. ಆದರೂ ಆ ಮನೆಯಲ್ಲಿ ಕತ್ತಿಯ ಮಾತೇ ಜಾಸ್ತಿ. ಕಾಳಗ ನಡೆದ ಬಯಲಿಗೆ ಅವರ ಊರಿನಿಂದ ಬಂಡಿಯಲ್ಲಿ ಬೆಳಗ್ಗೆ ಹೊರಟರೆ ಮಧ್ಯಾಹ್ನಕ್ಕೆ ಮುಟ್ಟಬಹುದಿತ್ತು. ಅಲ್ಲಿ ಎರಡು ವೀರಗಲ್ಲುಗಳಿದ್ದವು. ಒಂದು ಈ ಹಿರಿಯನದು. ಇನ್ನೊಂದು, ಅವನನ್ನು ಕೊಂದು ಅವನ ಕೈಯಿಂದಲೇ ಸತ್ತ ವೈರಿಯದು. ಸತ್ತ ವೀರನಿಗೆ ಪಕ್ಷವಿಲ್ಲ ಎಂದು ಗೆದ್ದ ದೊರೆ ಒಬ್ಬನೇ ಶಿಲ್ಪಿಯಿಂದ, ಒಂದೇ ಬಳಪದ ಕಲ್ಲಿನಲ್ಲಿ ಎರಡನ್ನೂ ಕೆತ್ತಿಸಿ ನಿಲ್ಲಿಸಿದ್ದ.

ದೊರೆ ಮರೆತ ಪಕ್ಷವನ್ನು ಈ ಮನೆಯವರು ಮರೆಯಲಿಲ್ಲ. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಒಂದು ದಿನ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಬಯಲಿಗೆ ಹೋಗುತ್ತಿದ್ದರು. ತಮ್ಮ ಹಿರಿಯನ ಕಲ್ಲಿಗೆ ಹಸುಗೂಸಿಗೆ ಮಾಡಿದಂತೆ ಅಭ್ಯಂಜನ. ಹೋದ ವರ್ಷದ ಎಣ್ಣೆಜಿಡ್ಡು ಬಿಡುವ ತನಕ ಸೀಗೆಪುಡಿ ಹಾಕಿ ತೆಂಗಿನ ನಾರಿನಿಂದ ತಿಕ್ಕಬೇಕು, ನೀರು ಹೊಯ್ಯಬೇಕು, ಹೊಸ ಎಣ್ಣೆ ಹಚ್ಚಬೇಕು. ಆಮೇಲೆ ವೈರಿಯ ಸರದಿ. ಅವನ ಕಲ್ಲನ್ನು ಮೊದಲಿನವರೇ ಅಂಗಾತ ಕೆಡವಿ ಮೇಲೆ ಮಣ್ಣು ಎಳೆದಿದ್ದರು. ಅವನು ಮತ್ತೆ ಏಳದಂತೆ ಪ್ರತಿಯೊಬ್ಬರೂ ಹಿತ್ತಲಿನಿಂದ ತಂದ ಒಂದೊಂದು ಕಲ್ಲನ್ನು ಅದರ ಮೇಲೆ ಹೇರಿ, "ನಿನ್ನನ್ನು ಮರೆತಿಲ್ಲ" ಎನ್ನಬೇಕು. ತಲೆಮಾರುಗಳು ಕಳೆದು ಅಲ್ಲೊಂದು ದೊಡ್ಡ ಕಲ್ಲುಗುಪ್ಪೆಯೇ ಬೆಳೆದಿತ್ತು.

ಈ ಮನೆಗೆ ಒಂದು ಕೊರಗಿತ್ತು. ಹಿರಿಯನ ಮುಖ ಹೇಗಿತ್ತೆಂದು ಯಾರಿಗೂ ತಿಳಿಯದು. ಬಳಪದ ಕಲ್ಲು ಮೆದು. ಮುಖ ಇದ್ದ ಕಡೆ ಈಗ ನುಣ್ಣನೆಯ ಒಂದು ಉಬ್ಬು ಮಾತ್ರ. ವ್ಯಾಪಾರಿಯ ತಂದೆ ಪ್ರಾಣ ಬಿಡುವಾಗ, ಜೀವಮಾನವೆಲ್ಲ ಆ ಮುಖಕ್ಕೆ ಎಣ್ಣೆ ಹಚ್ಚಿಯೂ ಅದನ್ನು ಕಾಣದೆ ಹೋಗುತ್ತಿದ್ದೇನೆ, ನೀನು ಹೀಗೆ ಹೋಗಬೇಡ ಎಂದಿದ್ದ. ಈಗ ವ್ಯಾಪಾರಿಗೂ ಎದೆನೋವು ಹಿಡಿದಿತ್ತು. ಇನ್ನು ಬಂಡಿಯ ಪ್ರಯಾಣ ಕೂಡದೆಂದು ವೈದ್ಯ ಹೇಳಿದ್ದ. ಇದೊಂದು ಸಲ ಎಂದು ವೈದ್ಯನ ಮಾತು ಮೀರಿ, ಹಿರಿಯನ ಮುಖವನ್ನು ಮತ್ತೆ ಕೆತ್ತಿಸಿ ಕಣ್ಣಾರೆ ನೋಡಿಯೇ ತೀರುತ್ತೇನೆಂದು ಅವನು ಹೊರಟ. ಬಂಡಿಯಲ್ಲಿ ಹೆಂಡತಿ, ಮಗ, ಹೊಸದಾಗಿ ಮನೆ ತುಂಬಿದ ಸೊಸೆ, ಜೊತೆಗೆ ಒಬ್ಬ ಶಿಲ್ಪಿ. ಬುತ್ತಿಗಿಂತ ಕಲ್ಲೇ ಭಾರವಾಯಿತೆಂದು ಹೆಂಡತಿ ದಾರಿಯುದ್ದಕ್ಕೂ ಗೊಣಗಿದಳು.

ಬಯಲು ಮುಟ್ಟಿದ ಮೇಲೆ ಶಿಲ್ಪಿ ಉಳಿ ತೆಗೆದು, ಮುಖ ಹೇಗಿತ್ತು ಹೇಳಿ ಎಂದ. ಹೆಂಡತಿ, ಮೂಗು ನಮ್ಮ ಮಾವನವರ ಹಾಗೆ ಇರಬೇಕು ಎಂದಳು. ಮಗ, ಮೀಸೆ ದೊಡ್ಡದಿರಲಿ ಎಂದ. ಬಂಡಿ ಹೊಡೆಯುವವನೂ ಹುಬ್ಬಿನ ವಿಷಯದಲ್ಲಿ ಒಂದು ಮಾತು ಸೇರಿಸಿದ. ಕಂಡವರು ಒಬ್ಬರೂ ಇಲ್ಲ, ಹೇಳುವವರು ಎಲ್ಲರೂ! ವ್ಯಾಪಾರಿಗೆ ಸಿಟ್ಟು ಬಂತು. ಊಹೆಯ ಮುಖ ಅವನಿಗೆ ಬೇಡವಾಗಿತ್ತು.

ಶಿಲ್ಪಿ ಯೋಚಿಸಿ ಒಂದು ದಾರಿ ಹೇಳಿದ. ಎರಡೂ ಒಂದೇ ಕೈಯ ಕೆಲಸ. ಇನ್ನೊಂದು ಕಲ್ಲಿನಲ್ಲಿ ಮುಖ ಉಳಿದಿದ್ದರೆ, ಆ ಶಿಲ್ಪಿ ಕಣ್ಣು ಮೂಗು ತಿದ್ದುತ್ತಿದ್ದ ರೀತಿಯಾದರೂ ತಿಳಿದೀತು. ಗುಪ್ಪೆಗೆ ಕೈ ಹಚ್ಚಲು ಮನೆಯವರು ಹಿಂಜರಿದರು. ವ್ಯಾಪಾರಿ ತಾನೇ ಹೋಗಿ ಮೊದಲ ಕಲ್ಲು ಎತ್ತಿಟ್ಟ. ಅದು ಹೋದ ವರ್ಷ ಅವನೇ ಹೇರಿದ್ದು. ಅದರ ಕೆಳಗೆ ಅವನ ಅಪ್ಪ ತಂದ ಕಲ್ಲುಗಳು, ಇನ್ನೂ ಕೆಳಗೆ ಅಜ್ಜನವು. ಎಲ್ಲರೂ ಸೇರಿ ತೆಗೆಯುತ್ತ ಹೋದರು. ಹೊತ್ತು ಇಳಿಯುವಾಗ ತಳದ ಮಣ್ಣು ಸಿಕ್ಕಿತು. ಸೊಸೆ ಆ ಮಣ್ಣನ್ನು ಕೈಯಿಂದ ಸರಿಸಿದಳು.

ವೈರಿಯ ಮುಖ ನಿನ್ನೆ ಕೆತ್ತಿದಂತಿತ್ತು.

ಇನ್ನೂ ಹುಡುಗ. ಮೀಸೆ ಈಗಷ್ಟೇ ಮೂಡಿದೆ. ಕಿವಿಗೆ ಒಂಟಿ ತೊಟ್ಟಿದ್ದಾನೆ. ಮಾತು ಅರ್ಧಕ್ಕೆ ನಿಂತವನಂತೆ ತುಟಿ ತುಸು ತೆರೆದಿದೆ. ಅವನ ಮೇಲೆ ಒಂದು ಹನಿ ಮಳೆ ಬಿದ್ದಿರಲಿಲ್ಲ, ಬಿಸಿಲು ತಾಗಿರಲಿಲ್ಲ. ತಲೆಮಾರುಗಳ ಕಾಲ ಈ ಮನೆಯವರೇ ಅವನನ್ನು ಬೆಚ್ಚಗೆ ಹೊದಿಸಿಟ್ಟಿದ್ದರು.

ವ್ಯಾಪಾರಿ ಒಮ್ಮೆ ಆ ಮುಖವನ್ನೂ ಒಮ್ಮೆ ತಮ್ಮ ಹಿರಿಯನ ನುಣ್ಣನೆಯ ಉಬ್ಬನ್ನೂ ನೋಡಿದ. ಅವನ ಸೊಂಟದಲ್ಲಿ ಬೆಳಗ್ಗೆ ಮನೆಯಿಂದ ತಂದ ತೆಂಗಿನ ನಾರು ಸಿಕ್ಕಿಸಿದ ಹಾಗೇ ಇತ್ತು. ಅವನು ಅದನ್ನು ಕೈಗೆ ತೆಗೆದು ನೋಡಿದ. ದುಃಖ ಒತ್ತಿ ಬಂದು ಅಲ್ಲೇ ಕುಳಿತು ಅತ್ತುಬಿಟ್ಟ.

ಶಿಲ್ಪಿ ಕಾದು ನೋಡಿ, ಮಾದರಿ ಸಿಕ್ಕಿತಲ್ಲ, ಕೆಲಸ ಹಚ್ಚಲೇ ಎಂದು ಕೇಳಿದ.

"ಬೇಡ," ಎಂದ ವ್ಯಾಪಾರಿ. "ಇವನ ಮುಖ ನೋಡಿ ನಮ್ಮವನನ್ನು ಕೆತ್ತಿದರೆ, ನಾಳೆಯಿಂದ ನಾವು ಎಣ್ಣೆ ಹಚ್ಚುವುದು ಯಾರಿಗೆ?"

ಶಿಲ್ಪಿ ಉಳಿಯನ್ನು ಚೀಲಕ್ಕೆ ಹಾಕಿಕೊಂಡ. ಆ ವರ್ಷ ಹಿರಿಯನ ಕಲ್ಲನ್ನು ಯಾರೂ ತಿಕ್ಕಲಿಲ್ಲ. ವ್ಯಾಪಾರಿ ಅದರ ಮೇಲೆ ಅಂಗೈ ಇಟ್ಟ. ಈ ಮುಖವನ್ನು ಕಾಣದೆಯೇ ತಾನು ಹೋಗುತ್ತೇನೆಂದು ಅವನಿಗೆ ಗೊತ್ತಾಯಿತು. ಬಂಡಿ ಹೂಡಿದರು. ಹೊಸ ಸೊಸೆಗೆ ಪದ್ಧತಿ ತಪ್ಪಿದರೆ ಎಂಬ ಅಂಜಿಕೆ. ಅವಳ ಸೆರಗಿನಲ್ಲಿ ಹಿತ್ತಲಿನ ಕಲ್ಲು ಇನ್ನೂ ಗಂಟಾಗಿಯೇ ಇತ್ತು.

"ಮಾವಯ್ಯ, ಇವನನ್ನು ಮತ್ತೆ ಮುಚ್ಚಬೇಕಲ್ಲವೇ?" ಎಂದು ಕೇಳಿದಳು.

"ಬೇಡಮ್ಮ," ಎಂದ ವ್ಯಾಪಾರಿ. "ಇವನ ಮೇಲೂ ಮಳೆ ಬೀಳಲಿ."

ತಂದ ಕಲ್ಲುಗಳನ್ನು ಹೊತ್ತುಕೊಂಡೇ ಬಂಡಿ ಊರಿಗೆ ಹೊರಟಿತು. ಹೆಂಡತಿ ಮತ್ತೆ ಗೊಣಗತೊಡಗಿದಳು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ. ವ್ಯಾಪಾರಿ ಕಲ್ಲು ಹೇರಿ ತಪ್ಪು ಮಾಡಿದ, ಸರಿ. ತಾನಾದರೋ ದಿನವೂ ಮರೆಯಲು ಪ್ರಯತ್ನಿಸುತ್ತಿದ್ದೇನೆ, ದಿನವೂ ಬೆಳಗ್ಗೆ ಎದ್ದು ಅವನನ್ನು ಮನಸ್ಸಿನ ತಳಕ್ಕೆ ಒತ್ತುತ್ತಿದ್ದೇನೆ, ತನ್ನ ತಪ್ಪೇನು ಎಂದು ಕೇಳಿದ.

ಗುರುಗಳು ಕೇಳಿದರು: "ಇವತ್ತಿನ ಕಲ್ಲು ಹೇರಿ ಆಯಿತೇ?"