ಕೊಪ್ಪರಿಗೆಗೆ ಧುಮುಕಿದ ವಿದೂಷಕ

ಶಿಷ್ಯನೊಬ್ಬ ಗುರುಗಳನ್ನು ಕೇಳಿದ: "ಗುರುಗಳೇ, ಪಟ್ಟಣದಲ್ಲಿ ಒಬ್ಬ ನೌಕರ ತನ್ನ ಕಚೇರಿಯಲ್ಲಿ ನಡೆಯುತ್ತಿದ್ದ ಕಳ್ಳತನವನ್ನು ಬಯಲಿಗೆಳೆದ. ಅವನ ಕೆಲಸ ಹೋಯಿತು. ಅದೇ ಕಳ್ಳತನವನ್ನು ಒಬ್ಬ ಹಾಸ್ಯಗಾರ ಟೀವಿಯಲ್ಲಿ ಅಣಕವಾಡಿ ತೋರಿಸಿದ. ಅವನಿಗೆ ನಾಡೆಲ್ಲ ಚಪ್ಪಾಳೆ ತಟ್ಟಿತು. ಇಬ್ಬರೂ ಹೇಳಿದ್ದು ಒಂದೇ ನಿಜ. ಇವರಲ್ಲಿ ದೊಡ್ಡವರು ಯಾರು?"

"ನೀನೂ ಆ ಟೀವಿ ನೋಡಿದೆಯೋ?" ಎಂದರು ಗುರುಗಳು.

"ನೋಡಿದೆ. ಹೊಟ್ಟೆ ಹಿಡಿದುಕೊಂಡು ನಕ್ಕೆ."

"ಹಾಗಾದರೆ ಕುಳಿತುಕೋ. ಇದು ಟೀವಿ ಇಲ್ಲದ ಕಾಲದ ಮಾತು" ಎಂದು ಗುರುಗಳು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ದೊರೆ. ಅವನು ಕೆಟ್ಟವನಲ್ಲ. ಆದರೆ ಅವನಿಗೆ ಬೇಸರವೆಂದರೆ ಆಗದು. ಯಾರಾದರೂ ದೂರು ತಂದರೆ ಆಕಳಿಸುತ್ತಿದ್ದ. ಯಾರಾದರೂ ಹಾಸ್ಯ ಹೇಳಿದರೆ ನೆಟ್ಟಗೆ ಕೂರುತ್ತಿದ್ದ.

ಆ ಊರಿನಲ್ಲಿ ದೊರೆಯ ತಾಯಿ ಕಟ್ಟಿಸಿದ ಅನ್ನಛತ್ರವಿತ್ತು. ದಾರಿಹೋಕರು, ಮುದುಕರು, ದುಡಿಯಲಾರದವರು ಅಲ್ಲಿ ಉಣ್ಣುತ್ತಿದ್ದರು. ಅರಮನೆಯಿಂದ ಅಕ್ಕಿ, ಬೇಳೆ, ತುಪ್ಪ ಬರುತ್ತಿತ್ತು. ಅದನ್ನು ನೋಡಿಕೊಳ್ಳಲು ಒಬ್ಬ ಪಾರುಪತ್ಯಗಾರ, ಬೇಯಿಸಲು ಒಬ್ಬ ಅಡಿಗೆಯವ.

ಬಂದ ಬೇಳೆಯ ಹೆಚ್ಚಿನ ಪಾಲು ಹಿಂದಿನ ಬಾಗಿಲಿನಿಂದ ಪಾರುಪತ್ಯಗಾರನ ಭಾವಮೈದುನನ ಅಂಗಡಿಗೆ ಹೋಗುತ್ತಿತ್ತು. ಉಳಿದ ಚೂರುಪಾರಿಗೆ ನೀರು ಬೆರೆಸಿ ಅಡಿಗೆಯವ ಸಾರು ಮಾಡಬೇಕು. ಮೊದಮೊದಲು ಅವನು ಹುಣಿಸೆಹಣ್ಣು ಹೆಚ್ಚು ಹಾಕಿ ಅದನ್ನು ಮುಚ್ಚಿದ. ಆಮೇಲೆ ಖಾರ ಹೆಚ್ಚು ಹಾಕಿ ಮುಚ್ಚಿದ. ಒಂದು ದಿನ ಬಾಣಂತಿಯೊಬ್ಬಳು ಎಲೆಯ ಮುಂದೆ ಕುಳಿತು, "ಅಣ್ಣಾ, ತಳದಿಂದ ಒಂದು ಸೌಟು ಹಾಕಪ್ಪ" ಎಂದಳು. ಅವನು ಕೊಪ್ಪರಿಗೆಯ ತಳಕ್ಕೆ ಸೌಟು ಇಳಿಸಿ ತಿರುವಿದ. ಮೇಲೆ ಹೇಗೋ ತಳದಲ್ಲೂ ಹಾಗೆಯೇ, ಬರೀ ನೀರು. ಆ ದಿನ ಅವನಿಗೆ ಊಟ ಸೇರಲಿಲ್ಲ.

ಮರುದಿನ ಅವನು ಆಸ್ಥಾನಕ್ಕೆ ಹೋಗಿ ನಡೆದದ್ದನ್ನೆಲ್ಲ ಹೇಳಿದ. ತಾನು ಮುಚ್ಚಿದ್ದನ್ನೂ ಹೇಳಿದ. ದೊರೆ ಆಕಳಿಸಿದ. ಪಾರುಪತ್ಯಗಾರ ಕೈಮುಗಿದು, "ಮಹಾಸ್ವಾಮಿ, ಇವನು ಅನ್ನ ಸೀಯಿಸಿದ, ನಾನು ಬೈದೆ. ಆ ಸಿಟ್ಟಿಗೆ ಹೀಗೆ ಆಡುತ್ತಿದ್ದಾನೆ" ಎಂದ. ಮಾತು ಅಲ್ಲಿಗೆ ಮುಗಿಯಿತು. ಅಡಿಗೆಯವನ ಕೆಲಸವೂ ಮುಗಿಯಿತು. ಪಾರುಪತ್ಯಗಾರನಿಗೆ ಹೆದರಿ ಊರಿನಲ್ಲಿ ಯಾರೂ ಅವನನ್ನು ಮದುವೆಯ ಅಡಿಗೆಗೂ ಕರೆಯಲಿಲ್ಲ. ಅವನೂ ಹೆಂಡತಿಯೂ ಚಕ್ಕುಲಿ ಸುಟ್ಟು ಸಂತೆಯಲ್ಲಿ ಮಾರಿದರು. ಜನ ಚಕ್ಕುಲಿ ಕೊಂಡರು. ಛತ್ರದ ಮಾತು ಮಾತ್ರ ಎತ್ತಲಿಲ್ಲ.

ಆಸ್ಥಾನದ ವಿದೂಷಕನಿಗೆ ಚಕ್ಕುಲಿಯೆಂದರೆ ಪ್ರಾಣ. ಕೊಳ್ಳಲು ಬಂದವನು ಕತೆ ಕೇಳಿದ. ಕೇಳಿ ತಲೆ ತಲೆ ಚಚ್ಚಿಕೊಂಡ. "ಇಷ್ಟು ಸೊಗಸಾದ ಸಂಗತಿಯನ್ನು ಇಷ್ಟು ಸಪ್ಪೆಯಾಗಿ ಹೇಳಿದರೆ ಯಾರು ಕೇಳುತ್ತಾರೆ ಮಾರಾಯ? ನನಗೆ ಬಿಡು" ಎಂದ.

ಹಬ್ಬದ ಸಂಜೆ ಅರಮನೆಯ ಅಂಗಳದಲ್ಲಿ ಊರೆಲ್ಲ ಸೇರಿತ್ತು. ವಿದೂಷಕ ದೊಡ್ಡದೊಂದು ಕೊಪ್ಪರಿಗೆಯನ್ನು ರಂಗದ ಮೇಲೆ ಇರಿಸಿದ. ಕಚ್ಚೆ ಬಿಗಿದ. ಮೂಗು ಹಿಡಿದು ಅದರೊಳಗೆ ಧುಮುಕಿದ. ಕೈಕಾಲು ಬಡಿದ, ಮುಳುಗಿದ, ಎದ್ದ. ಏದುಸಿರು ಬಿಡುತ್ತ, "ಮಹಾಸ್ವಾಮಿ, ಛತ್ರದ ಸಾರಿನ ತಳದವರೆಗೂ ಹೋಗಿ ಬಂದೆ. ಮೊಸಳೆ ಸಿಕ್ಕಿತು, ಬೇಳೆ ಸಿಗಲಿಲ್ಲ" ಎಂದ.

ಜನ ಬಿದ್ದು ಬಿದ್ದು ನಕ್ಕರು. ದೊರೆ ಕಣ್ಣೀರು ಒರೆಸಿಕೊಂಡ. ಎಲ್ಲರಿಗಿಂತ ಜೋರಾಗಿ ನಕ್ಕವನು ಪಾರುಪತ್ಯಗಾರ. "ಆಹಾ, ಏನು ಕಲೆ!" ಎಂದು ತನ್ನ ಶಾಲನ್ನೇ ತೆಗೆದು ವಿದೂಷಕನಿಗೆ ಹೊದಿಸಿದ.

ಮರುದಿನದಿಂದ ಊರಿನಲ್ಲೆಲ್ಲ ಅದೇ ಮಾತು. ಮಕ್ಕಳು ಮೂಗು ಹಿಡಿದು ತೊಟ್ಟಿಗೆ ಹಾರಿದರು. ಛತ್ರದಲ್ಲಿ ಸಾರು ಬಡಿಸುವಾಗ ಉಣ್ಣುವವರೇ ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ಪಾರುಪತ್ಯಗಾರನಿಗೂ ಧೈರ್ಯ ಬಂತು. ಹೊಸಬರು ಬಂದರೆ, "ನಮ್ಮದು ಮೊಸಳೆ ಸಾರು, ಜೋಪಾನ" ಎಂದು ತಾನೇ ಹೇಳುತ್ತಿದ್ದ. ಸಾರು ಮಾತ್ರ ಇನ್ನಷ್ಟು ತೆಳ್ಳಗಾಯಿತು.

ವಿದೂಷಕ ಬೀಗುತ್ತ ಅಡಿಗೆಯವನ ಬಳಿ ಬಂದ. "ನೋಡಿದೆಯಾ? ಈಗ ಊರಿಗೆಲ್ಲ ಗೊತ್ತು."

"ಗೊತ್ತು" ಎಂದ ಅಡಿಗೆಯವ. "ಮೊದಲು ಆ ಸಾರು ಕಂಡರೆ ಜನಕ್ಕೆ ಸಿಟ್ಟಾದರೂ ಬರುತ್ತಿತ್ತು. ಈಗ ನಗು ಬರುತ್ತದೆ. ಸುಳ್ಳೇಕೆ, ನನಗೂ ಬರುತ್ತದೆ. ನೀನು ಆಡಿದ್ದು ಅಷ್ಟು ಚೆನ್ನಾಗಿತ್ತು." ಹಾಗೆಂದು ಅವನಿಗೆ ಬಿಸಿ ಚಕ್ಕುಲಿ ಕೊಟ್ಟ.

ವಿದೂಷಕ ಆ ಮಧ್ಯಾಹ್ನ ಛತ್ರಕ್ಕೆ ಹೋಗಿ ಪಂಕ್ತಿಯಲ್ಲಿ ಕುಳಿತು ಉಂಡ. ಪಕ್ಕದ ಮುದುಕ ಅವನ ಗುರುತು ಹಿಡಿದು, "ಮೊಸಳೆ ಎಲ್ಲಪ್ಪಾ?" ಎಂದು ನಕ್ಕ. ನಗುತ್ತಲೇ ಎಲೆಯನ್ನು ಬೆರಳಿನಿಂದ ಮತ್ತೆ ಮತ್ತೆ ಬಳಿದ. ಎಲೆಯಲ್ಲಿ ಏನೂ ಉಳಿದಿರಲಿಲ್ಲ. ವಿದೂಷಕನಿಗೆ ನಗಲು ಆಗಲಿಲ್ಲ. ತನ್ನ ಮಾತಿಗೆ ತಾನೇ ನಗಲಾರದೆ ಹೋದದ್ದು ಅವನ ಬಾಳಿನಲ್ಲಿ ಅದೇ ಮೊದಲು.

ಮುಂದಿನ ಹಬ್ಬ ಬಂತು. ಜನ "ಮೊಸಳೆ! ಮೊಸಳೆ!" ಎಂದು ಕೂಗಿದರು. ವಿದೂಷಕ ಕೊಪ್ಪರಿಗೆಗೆ ಧುಮುಕಿದ. ಈ ಸಲ ಮೇಲೆ ಬರಲಿಲ್ಲ. ಜನ ನಕ್ಕರು. ಆಗಲೂ ಬರಲಿಲ್ಲ. ಇನ್ನೂ ನಕ್ಕರು. ನಗು ದಣಿದ ಮೇಲೆ ಅವನು ಮೆಲ್ಲಗೆ ಎದ್ದು ನಿಂತ. "ಇದು ಹಾಸ್ಯವಲ್ಲ, ನಡೆದದ್ದು. ಕಣ್ಣಾರೆ ಕಂಡವನು ಅಗೋ, ಚಕ್ಕುಲಿ ಬುಟ್ಟಿ ಹೊತ್ತು ನಿಂತಿದ್ದಾನೆ. ಅವನನ್ನು ಕೇಳಿ" ಎಂದ. ಇದೂ ಆಟವೇ ಇರಬೇಕೆಂದು ಒಬ್ಬಿಬ್ಬರು ನಕ್ಕರು. ಆಮೇಲೆ ಯಾರೂ ನಗಲಿಲ್ಲ.

ಅಡಿಗೆಯವ ಬುಟ್ಟಿ ಇಳಿಸಿದ. ಆಸ್ಥಾನದಲ್ಲಿ ಹೇಳಿದ್ದನ್ನೇ ಮತ್ತೆ ಹೇಳಿದ. "ಆಹಾ, ಏನು ಕಲೆ!" ಎಂದು ಪಾರುಪತ್ಯಗಾರ ಚಪ್ಪಾಳೆ ತಟ್ಟಿದ. ಅವನೊಬ್ಬನದೇ ಚಪ್ಪಾಳೆ. ದೊರೆಗೆ ಇರಿಸುಮುರಿಸಾಯಿತು. "ಸಾಕು, ಮುಂದಿನ ಹಾಸ್ಯ ಆಗಲಿ" ಎಂದ.

ಮದ್ದಳೆಯವನು ಕೈ ಎತ್ತಿದ. ಇನ್ನೇನು ಬಾರಿಸಬೇಕು. ಆಗ ಜನರ ನಡುವೆ ಸೊಪ್ಪು ಮಾರುವ ಹೆಂಗಸೊಬ್ಬಳು ಎದ್ದಳು. ಅವಳು ಛತ್ರದಲ್ಲಿ ಉಂಡವಳಲ್ಲ. ಆವರೆಗೆ ಎಲ್ಲರಂತೆ ನಕ್ಕವಳೇ. ಸೆರಗು ಕೊಡವಿ, "ಹಾಸ್ಯ ಆಮೇಲೆ ನೋಡೋಣ. ಛತ್ರ ಇಲ್ಲೇ ಇದೆ. ಒಂದು ಸಲ ಕೊಪ್ಪರಿಗೆ ನೋಡಿ ಬರೋಣ ಬನ್ನಿ" ಎಂದಳು. ಯಾರು ಬರುತ್ತಾರೆ, ಯಾರು ಬರುವುದಿಲ್ಲ ಎಂದು ತಿರುಗಿ ನೋಡದೆ ನಡೆದಳು.

ಅವಳ ಹಿಂದೆ ಒಬ್ಬ ಎದ್ದ. ಅವನ ಹಿಂದೆ ಸಾಲು ಎದ್ದಿತು. ಅಂಗಳ ಖಾಲಿಯಾಯಿತು. ಖಾಲಿ ಅಂಗಳದಲ್ಲಿ ಕೂತಿರಲು ಬೇಸರವಾಗಿ ದೊರೆಯೂ ಎದ್ದು ಹೊರಟ.

ಛತ್ರದಲ್ಲಿ ದೊರೆಯ ಕೈಗೆ ಸೌಟು ಬಂತು. ಅವನೇ ತಿರುವಿದ, ಅವನೇ ಕುಡಿದ. ಇನ್ನೊಮ್ಮೆ ತಳದಿಂದ ತಿರುವಿ ನೋಡಿದ. ಅಷ್ಟರಲ್ಲಿ ಜನ ಭಾವಮೈದುನನ ಅಂಗಡಿಯಿಂದ ಅರಮನೆಯ ಮುದ್ರೆಯಿದ್ದ ಚೀಲಗಳನ್ನು ಹೊತ್ತು ತಂದರು. ಪಾರುಪತ್ಯಗಾರನ ಕೈಯಿಂದ ಬೀಗದ ಕೈ ಹೋಯಿತು. ಅಡಿಗೆಯವನ ಕೈಗೆ ಸೌಟು ಬಂತು. ದೊರೆ ಮುಖಭಂಗದಿಂದ ಕೆಲವು ಕಾಲ ವಿದೂಷಕನನ್ನು ಕರೆಸಲಿಲ್ಲ. ಅವನು ಅಷ್ಟೂ ಕಾಲ ಛತ್ರದಲ್ಲಿ ಉಂಡು ದಪ್ಪಗಾದ. "ಬೇಳೆ ಬಂದು ನನ್ನ ಒಳ್ಳೆಯ ಹಾಸ್ಯವೊಂದು ಕೆಟ್ಟಿತು" ಎಂದು ಎಲ್ಲರ ಮುಂದೆ ದೂರುತ್ತಿದ್ದ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಹಿಗ್ಗಿ ಹೇಳಿದ: "ತಿಳಿಯಿತು ಗುರುಗಳೇ. ಅಡಿಗೆಯವ ಇಲ್ಲದಿದ್ದರೆ ನಿಜವಿಲ್ಲ. ವಿದೂಷಕ ಇಲ್ಲದಿದ್ದರೆ ಅದನ್ನು ಕೇಳುವವರಿಲ್ಲ. ಆದರೂ ಇಬ್ಬರಲ್ಲಿ ಒಬ್ಬರನ್ನು ಹೇಳಲೇಬೇಕಾದರೆ ಯಾರನ್ನು ಹೇಳಲಿ?"

"ಅವರಿಬ್ಬರನ್ನೇ ತೂಗುತ್ತಿದ್ದೀಯಲ್ಲ, ನಿನ್ನ ಹಾಗೆಯೇ ಕೂತು ನಗುತ್ತಿದ್ದು ಮೊದಲು ಎದ್ದವಳನ್ನು ಮರೆತೆಯಾ?" ಎಂದರು ಗುರುಗಳು.