ಹೊತ್ತೇರುವ ಮುಂಚೆ ಕಿತ್ತ ಎಲೆ

"ಕೇಳಿರಪ್ಪೋ ಕೇಳಿ! ಕುವರಿ ಪದುಮಲೆಯ ಮೂರು ಒಗಟು ಬಿಡಿಸಿದವನಿಗೆ ಕುವರಿಯೂ ಉಂಟು, ಅರ್ಧ ರಾಜ್ಯವೂ ಉಂಟು. ತಪ್ಪಿದವನಿಗೆ ಕೋಟೆ ಹಿಂದಿನ ಕಮರಿ!"

ಕರಿಗಿರಿಯ ದೊರೆ ವೀರಮಲ್ಲನ ಡಂಗುರ ಹೀಗೆ ಊರೂರು ಸುತ್ತಿತು. ದೊರೆಗಳ ಹಟ ಅಂದರೆ ಗೊತ್ತಲ್ಲ, ಮಗಳು ಆಟಕ್ಕೆ ಕಟ್ಟಿದ ಒಗಟಿಗೆ ಅಪ್ಪ ಸಾವನ್ನು ಗಂಟು ಹಾಕಿದ್ದ.

ಡಂಗುರ ಬಂಡೆಗುಡ್ಡದ ಮೇಕೆ ಕಾಯುವವರ ಹಟ್ಟಿಗೂ ಬಂತು. ಅಲ್ಲಿ ಬೊಮ್ಮ, ಜುಂಜ ಅಂತ ಅಣ್ಣತಮ್ಮಂದಿರು. ಹೆತ್ತವರಿಲ್ಲದ ಜುಂಜನನ್ನು ಬೊಮ್ಮನೇ ಹೆಗಲ ಮೇಲೆ ಹೊತ್ತು ಸಾಕಿದ್ದ. ಒಗಟು ಅಂದರೆ ಬೊಮ್ಮನಿಗೆ ಊಟ ಬೇಡ, ನಿದ್ದೆ ಬೇಡ.

"ಮೇಕೆ ನೋಡ್ಕೊಳೋ, ಹೋಗಿ ಬಂದ್ಬಿಡ್ತೀನಿ. ಬರುವಾಗ ನಿನಗೊಬ್ಬಳು ಅತ್ತಿಗೆ!" ಅಂತ ನಗುತ್ತಾ ಹೊರಟವನು ತಿರುಗಿ ಬರಲಿಲ್ಲ. ಅವನ ಜೊತೆ ಹೋಗಿದ್ದ ಹಟ್ಟಿಯ ಹಿರಿಯ ಕಾಟಯ್ಯ ಅವನ ರುಮಾಲು ಹಿಡಿದುಕೊಂಡು ಬಂದ.

"ಎರಡನ್ನು ಪಟಪಟ ಬಿಡಿಸಿದ ಕಣೋ ಮಗಾ, ಎರಡಕ್ಕೂ ಕಾಡುಬಸಳೆ ಅಂದ. ಮೂರನೇದರಲ್ಲಿ ಎಡವಿದ. ಬೆಳಿಗ್ಗೆ ಬಾಯಿಗಿಟ್ಟರೆ ಹುಳಿ, ಸಂಜೆ ಬಾಯಿಗಿಟ್ಟರೆ ಸಪ್ಪೆ, ಏನದು ಅಂತ ಕೇಳಿದ್ರು. ತಂಗಳು ಅಂಬಲಿ ಅಂದ್ಬಿಟ್ಟ."

ಜುಂಜ ರುಮಾಲು ಕಿತ್ತುಕೊಂಡು ಬಂಡೆಗಳ ಕಡೆ ತಿರುಗಿ ನೋಡಿದ.

ಕಾಡುಬಸಳೆ ಆ ಬಂಡೆಗಳ ಸಂದಿಯಲ್ಲಿ ಬೆಳೆಯುವ ದಪ್ಪ ಎಲೆಯ ಗಿಡ. ಗಾಯಕ್ಕೆ ಕಟ್ಟಲು, ಬಾಯಾರಿದಾಗ ಜಗಿಯಲು ಹಟ್ಟಿಯವರಿಗೆ ಅದೇ ಬೇಕು. ಆದರೆ ಹೊತ್ತು ನೆತ್ತಿ ದಾಟುವ ತನಕ ಯಾರೂ ಕೀಳುವಂತಿಲ್ಲ. ಅಲ್ಲಿಯ ತನಕ ಎಲೆ ತನ್ನ ಅಂಚಿನಲ್ಲಿ ಮಲಗಿದ ಮರಿಗಳಿಗೆ ಹಾಲೂಡಿಸುತ್ತಿರುತ್ತದೆ ಅನ್ನುವುದು ಅವರ ನಂಬಿಕೆ. ಹಾಗಾಗಿ ಅವರೆಲ್ಲರಿಗೂ ಆ ಎಲೆ ಬರೀ ಸಪ್ಪೆ. ಒಂದು ಸಲ ಮಾತ್ರ, ತಪ್ಪಿಸಿಕೊಂಡ ಮೇಕೆ ಹುಡುಕುತ್ತಾ ನಾಲಗೆ ಒಣಗಿ, ಜುಂಜ ನಸುಕಿನಲ್ಲೇ ಒಂದೆಲೆ ಕಿತ್ತು ಜಗಿದಿದ್ದ. ಅಬ್ಬಬ್ಬಾ, ಹುಣಸೆಕಾಯಿಗಿಂತ ಹುಳಿ! ತಾಯೆಲೆಯ ಶಾಪ ಬಾಯಿಗೆ ತಟ್ಟಿತು ಅಂತ ಹೆದರಿ ಥೂ ಅಂತ ಉಗಿದ. ಅಣ್ಣನಿಗೂ ಹೇಳಲಿಲ್ಲ.

ಅದು ಶಾಪವಲ್ಲ, ಬೆಳಿಗ್ಗೆ ಕಿತ್ತರೆ ಎಲ್ಲರ ಬಾಯಿಗೂ ಹುಳಿಯೇ ಅಂತ ಪಾಪದ ಹುಡುಗನಿಗೆ ಈಗ ತಿಳಿಯಿತು. ಬಂಡೆಗೆ ತಲೆ ಚಚ್ಚಿಕೊಂಡು ಅತ್ತ. ಎಷ್ಟು ಅತ್ತರೇನು, ಹೋದವನು ಬರುತ್ತಾನೆಯೇ?

"ಎಲ್ಲಿಗೋ?" ಅಂದ ಕಾಟಯ್ಯ, ಅವನು ಎದ್ದು ಕಂಬಳಿ ಹೊದ್ದದ್ದು ನೋಡಿ.

"ಕೋಟೆಗೆ ಕಣಜ್ಜ. ಇನ್ನೊಬ್ಬರ ಮನೆಗೆ ನೀನು ರುಮಾಲು ಹೊತ್ಕೊಂಡು ಹೋಗೋದು ಬೇಡ."

ಜುಂಜ ಸಭೆಗೆ ಬಂದಾಗ ಪಾಳೆಯಗಾರನ ಮಗ ಮೂರನೇ ಒಗಟಿಗೆ ಮೀಸೆ ತಿರುವಿ "ಮಾವಿನಕಾಯಿ" ಅಂದ. ಭಟರು ಅವನನ್ನು ಎಳೆದೊಯ್ದರು. ಪಂಡಿತರ ಮಗ ಬೆವರೊರೆಸಿಕೊಂಡು "ಮನುಷ್ಯನ ಸಿಟ್ಟು" ಅಂದ. ಅವನ ಕೂಗೂ ಕಮರಿಯ ಕಡೆಯಿಂದ ಕೇಳಿ ನಿಂತುಹೋಯಿತು. ಜುಂಜ ಅಣ್ಣ ನಿಂತಿದ್ದ ಜಾಗದಲ್ಲೇ ಹೋಗಿ ನಿಂತ.

ಪದುಮಲೆ ತಲೆ ಎತ್ತದೆ ಕೇಳಿದಳು: "ಹಿಡಿ ಮಣ್ಣಿಲ್ಲದ ಬಂಡೆಯ ಮೇಲೆ ಮನೆ. ಕೆರೆ ಬತ್ತಿದರೂ ಅವಳ ಮೈತುಂಬ ನೀರು. ಯಾರವಳು?"

"ಕಾಡುಬಸಳೆ, ತಾಯಿ."

"ಹೂವು ಕಾಯದೆ, ಬೀಜ ಬೇಡದೆ, ತಾನು ನೆಲಕ್ಕೆ ಬಿದ್ದ ಮೇಲೆ ಸೆರಗಿನ ಅಂಚಿನಲ್ಲೇ ಮಕ್ಕಳನ್ನು ಹೆರುತ್ತಾಳೆ. ಯಾರು?"

"ಅವಳೇ. ಉದುರಿದ ಎಲೆಯ ಅಂಚಿನಲ್ಲಿ ಮರಿಗಿಡ ಏಳ್ತವೆ."

"ಬೆಳಿಗ್ಗೆ ಬಾಯಿಗಿಟ್ಟರೆ ಹುಳಿ, ಸಂಜೆ ಬಾಯಿಗಿಟ್ಟರೆ ಸಪ್ಪೆ. ಏನದು?"

"ಅದೂ ಅವಳೇ, ತಾಯಿ. ರಾತ್ರಿಯೆಲ್ಲ ಮೈಯಲ್ಲಿ ಹುಳಿ ಕೂಡಿಡ್ತಾಳೆ. ಬಿಸಿಲು ಏರಿದ ಹಾಗೆ ಕರಗಿಸ್ಕೋತಾಳೆ."

ಸಭೆ ಗುಸುಗುಸು ಅಂದಿತು. ಮೂರಕ್ಕೂ ಒಂದೇ ಉತ್ತರವೇ? ಪದುಮಲೆ ಕಣ್ಣೊರೆಸಿಕೊಂಡು ಹೌದೆಂದು ತಲೆಯಾಡಿಸಿದಳು. ಅರಮನೆಯ ಕಲ್ಲುಗೋಡೆಯ ಮೇಲೆ ಬೆಳೆದ ಆ ಗಿಡವನ್ನು ಚಿಕ್ಕಂದಿನಿಂದ ಹೊತ್ತುಹೊತ್ತಿಗೂ ಜಗಿದೇ ಅವಳು ಈ ಒಗಟು ಕಟ್ಟಿದ್ದು.

"ಭಲೇ! ಇವತ್ತಿನಿಂದ ನೀನು ನನ್ನ ಅಳಿಯ," ಅಂದ ದೊರೆ.

"ಬೇಡ ಬುದ್ಧಿ. ಅಣ್ಣನನ್ನು ತಿಂದ ಮನೆಯಲ್ಲಿ ನನಗೆ ಅನ್ನ ಇಳಿಯಲ್ಲ. ಒಗಟು ತಪ್ಪಿದವರನ್ನು ಇನ್ನು ಕೊಲ್ಲಬೇಡಿ, ಅಷ್ಟು ಕೊಡಿ ಸಾಕು."

ದೊರೆ ಮಗಳ ಮುಖ ನೋಡಿದ. ಮಾತು ಕೊಟ್ಟ. ಬಂಡೆಗುಡ್ಡವನ್ನೂ ಹಟ್ಟಿಗೇ ಬಿಟ್ಟುಕೊಟ್ಟ. ಡಂಗುರದವನು ಆವತ್ತೇ ಹೊಸ ಮಾತು ಸಾರುತ್ತಾ ಹೊರಟ. ಜುಂಜನೂ ಹೊರಟ.

ಕೋಟೆ ಬಾಗಿಲಲ್ಲಿ ಪದುಮಲೆ ಓಡಿಬಂದು ತಡೆದಳು. "ನೀನು ಬೊಮ್ಮನ ತಮ್ಮನೇ? ಮೂರನೆಯದನ್ನು ಕೇಳಿದಾಗಲೂ ಅವನು ಮೊದಲು ಕಾಡುಬಸಳೆಯೇನೋ ಅಂತಲೇ ತನ್ನಲ್ಲೇ ಗೊಣಗಿದ್ದ ಕಣಪ್ಪ. ಅದನ್ನೇ ಅನ್ನು, ಅದನ್ನೇ ಅನ್ನು ಅಂತ ನಾನು ಒಳಗೊಳಗೇ ಬೇಡಿಕೊಂಡೆ. ಬಾಯಿ ಬಿಟ್ಟು ಹೇಳೋ ಧೈರ್ಯ ನನಗೆ ಬರಲಿಲ್ಲ."

"ಮತ್ತೆ ಯಾಕೆ ತಾಯಿ ಅಂಬಲಿ ಅಂದ?"

ಹೇಳದೆ ಅವಳಿಗೆ ವಿಧಿಯಿರಲಿಲ್ಲ.

"ತಾನೇ ತಲೆ ಕೊಡವಿ ನಕ್ಕ. 'ಛೆ, ಇರಲಾರದು. ನನ್ನ ತಮ್ಮ ಗುಡ್ಡದಲ್ಲಿರೋ ಸೊಪ್ಪಿಗೆಲ್ಲ ಬಾಯಿ ಹಾಕೋನು. ಹುಳಿ ಇದ್ದಿದ್ದರೆ ಓಡಿಬಂದು ನನಗೆ ಹೇಳ್ತಿದ್ದ. ಅವನು ನನ್ನಿಂದ ಏನನ್ನೂ ಮುಚ್ಚಿಡಲ್ಲ' ಅಂದ."