ಮೋಡೆಮ್ ಕೆಟ್ಟ ಮೂರು ದಿನ

ಹೊಳೆಯ ದಂಡೆಯಲ್ಲಿ ಒಂದು ಮಠ. ಮಠದಲ್ಲಿ ಒಬ್ಬ ಗುರು, ಒಬ್ಬ ಶಿಷ್ಯ, ಒಂದು ಗಂಟೆ, ಒಂದು ಕಂಪ್ಯೂಟರ್.

ಗುರುಗಳ ಹೆಸರು ಮುಪ್ಪಯ್ಯ. ಊರವರಿಗೆ ಅವರು ಅಜ್ಜಾರು. ಕಾವಿ ಉಡುವ ಮೊದಲು ಟೆಲಿಫೋನ್ ಇಲಾಖೆಯಲ್ಲಿದ್ದರು. ಇಪ್ಪತ್ತೆರಡು ವರ್ಷ ಕಂಬ ಹತ್ತಿ ಇಳಿದವರು. ಎಲ್ಲಾದರೂ ಲೈನು ಕೆಟ್ಟಿದೆ ಎಂದು ಕಿವಿಗೆ ಬಿದ್ದರೆ ಈಗಲೂ ಜಪ ಅರ್ಧಕ್ಕೆ ನಿಲ್ಲಿಸಿ ಎದ್ದುಬಿಡುತ್ತಿದ್ದರು. ಸನ್ಯಾಸಿಗೆ ಇದು ತಕ್ಕುದಲ್ಲ ಎನ್ನುವವರು ಎನ್ನಲಿ. ನನಗಂತೂ ಆ ಮನುಷ್ಯನ ಮೇಲೆ ಪ್ರೀತಿ ಹುಟ್ಟಿದ್ದೇ ಅದಕ್ಕೆ.

ಶಿಷ್ಯ ಅಡಿವೆಪ್ಪ. ಇಪ್ಪತ್ತಾರು ವರ್ಷ. ಜಾಣ. ತಾನು ಜಾಣ ಎಂಬುದು ಅವನಿಗೂ ಗೊತ್ತಿತ್ತು. ತೊಂದರೆ ಇದ್ದದ್ದು ಅಲ್ಲೇ.

ಬೇಸಿಗೆಯಲ್ಲಿ ಹೊಳೆ ಬತ್ತಿ ಮರಳು ಮೇಲೆ ಬರುತ್ತದೆ. ಹದಿನಾಲ್ಕು ಮನೆಯವರು ಆ ಮರಳಿನಲ್ಲೇ ಗುಡಿಸಲು ಹಾಕಿಕೊಂಡು ಕಲ್ಲಂಗಡಿ ಬೆಳೆಯುತ್ತಾರೆ. ಮೇಲಿನ ಅಣೆಕಟ್ಟೆಯಿಂದ ಆ ದಿನ ನೀರು ಬಿಡುತ್ತಾರೋ ಇಲ್ಲವೋ ಎಂಬ ಸೂಚನೆ ದಿನಾ ಮಧ್ಯಾಹ್ನ ಮೂರಕ್ಕೆ ಈಮೇಲಿನಲ್ಲಿ ಮಠಕ್ಕೆ ಬರುತ್ತಿತ್ತು. ನಾಲ್ಕಕ್ಕೆ ಶಿಷ್ಯ ಗಂಟೆ ಬಾರಿಸಬೇಕು.

ಒಂದೇ ಪೆಟ್ಟು ಹೊಡೆದರೆ ನೀರಿಲ್ಲ, ನಿಶ್ಚಿಂತೆಯಿಂದಿರಿ ಎಂದು ಅರ್ಥ. ಬಿಡದೆ ಹೊಡೆದರೆ ನೀರು ಬರುತ್ತಿದೆ, ಮೇಲೆ ಹತ್ತಿ ಎಂದು.

ಮೊಬೈಲ್ ಸಿಗ್ನಲ್ ಆ ಕಡೆ ಸುಳಿಯುತ್ತಿರಲಿಲ್ಲ. ಫೋನಿನ ತಂತಿ, ಅದರಿಂದ ಈಮೇಲು ಇಳಿಸಲು ಒಂದು ಮೋಡೆಮ್, ಲಿನಕ್ಸ್ ಎಂಬ ತಂತ್ರಾಂಶದಿಂದ ನಡೆಯುವ ಒಂದು ಕಂಪ್ಯೂಟರ್. ಇವನ್ನು ನಂಬಿಕೊಂಡು ಹದಿನಾಲ್ಕು ಗುಡಿಸಲಿನವರು ಮಲಗುತ್ತಿದ್ದರು.

ಒಂದು ಸೋಮವಾರ ಬೆಳಿಗ್ಗೆ ಅಡಿವೆಪ್ಪ ಲಿನಕ್ಸಿನ ಹೊಸ ಆವೃತ್ತಿ ಹಾಕಿದ. ಹಾಕು ಎಂದು ಯಾರೂ ಹೇಳಿರಲಿಲ್ಲ. ಹೊಸ ಸಿ.ಡಿ. ಕೈಗೆ ಬಂದಿತ್ತು, ಕೈ ಸುಮ್ಮನಿರಲಿಲ್ಲ. ಕಂಪ್ಯೂಟರ್ ಚೆನ್ನಾಗಿಯೇ ಎದ್ದಿತು. ಮೋಡೆಮ್ ಮಾತ್ರ ಏಳಲಿಲ್ಲ.

ಮೋಡೆಮ್ಮಿಗೂ ಲಿನಕ್ಸಿಗೂ ಮಾತು ಕೂಡಿಸುವುದು ಡ್ರೈವರ್ ಎಂಬ ಪ್ರೋಗ್ರಾಂ. ಹೊಸ ಆವೃತ್ತಿಗೆ ತಕ್ಕಂತೆ ಅದನ್ನು ಮತ್ತೆ ಕಂಪೈಲ್ ಮಾಡಬೇಕು, ಎಂದರೆ ಬರೆದ ಸಾಲುಗಳನ್ನು ಯಂತ್ರಕ್ಕೆ ತಿಳಿಯುವ ರೂಪಕ್ಕೆ ಇಳಿಸಬೇಕು. ಮಾಡಿದ. ಪರದೆ ತುಂಬ ಎರರ್ ಬಂತು. ಮತ್ತೆ ಮಾಡಿದ. ಮತ್ತೆ ಬಂತು.

ನಾಲ್ಕಾಯಿತು. ಅಣೆಕಟ್ಟೆಯ ಕಚೇರಿಗೆ ಫೋನ್ ಮಾಡಿದ. ಯಾರೂ ಎತ್ತಲಿಲ್ಲ.

ಗಂಟೆಯ ಹಗ್ಗ ಹಿಡಿದು ನಿಂತ. ಹೊಡೆಯದಿದ್ದರೆ ಕೆಳಗಿನವರು ಬಂದು ಏನಾಯಿತೆಂದು ಕೇಳುತ್ತಾರೆ. ಕೇಳಿದರೆ ಹೇಳಬೇಕಾಗುತ್ತದೆ. ಹೇಗೂ ಬಳ್ಳಿ ಹಾಕಿದಂದಿನಿಂದ ನೀರು ಬಿಟ್ಟಿಲ್ಲ, ಇವತ್ತೇ ಬಿಡುತ್ತಾರೆಯೇ?

ಒಂದು ಪೆಟ್ಟು ಹೊಡೆದ.

ಮಂಗಳವಾರವೂ ಕಚೇರಿಯಲ್ಲಿ ಯಾರೂ ಫೋನ್ ಎತ್ತಲಿಲ್ಲ, ಮತ್ತೆ ಒಂದು ಪೆಟ್ಟು ಹೊಡೆದ. ಎರಡನೆಯ ದಿನ ಹಗ್ಗ ಹಿಡಿದು ಅಷ್ಟು ಹೊತ್ತು ನಿಲ್ಲಲಿಲ್ಲ.

ಬುಧವಾರ ಮಧ್ಯಾಹ್ನ ಹುಲಿಗೆವ್ವ ಸೆರಗಿನಲ್ಲಿ ಕಲ್ಲಂಗಡಿ ಕಟ್ಟಿಕೊಂಡು ಬಂದಳು. ಮರಳಿನ ನಟ್ಟನಡುವೆ ಅವಳ ಗುಡಿಸಲು.

“ಯಪ್ಪಾ, ಬಳ್ಳಿಯಾಗಿನ ಮೊದಲನೇ ಹಣ್ಣು. ಅಜ್ಜಾರಿಗೆ ಕೊಡು. ನೀನೂ ತಿನ್ನು.”

“ಯಾಕ ಇಷ್ಟ ಗಡಿಬಿಡಿ, ಯವ್ವಾ?”

“ಹಣ್ಣು ಕೀಳಾಕ ಕೈ ಸಾಲವಲ್ವು. ಸೊಸಿನ್ನೂ ಕೂಸಿನ್ನೂ ಗುಡಸಲಕ್ಕ ಕರಕೊಂಡ ಬಂದೀನಿ. ಐದ ತಿಂಗಳ ಕೂಸು, ಮೊದಲ ಜೀವ ಒಪ್ಪಿದ್ದಿಲ್ಲ. ನಿನ್ನಿ ನಿನ್ನ ಗಂಟಿ ಒಂದ ಪೆಟ್ಟ ಕೇಳಿತಲ್ಲ, ಧೈರ್ಯ ಬಂತು.”

ಅವಳು ನಗುತ್ತ ಮೆಟ್ಟಿಲಿಳಿದು ಹೋದಳು. ಅಡಿವೆಪ್ಪ ಹಣ್ಣನ್ನು ಅಲ್ಲೇ ಕಟ್ಟೆಯ ಮೇಲಿಟ್ಟು ಗುರುಗಳ ಕಡೆ ಓಡಿದ.

ಅಜ್ಜಾರು ಪಡಸಾಲೆಯಲ್ಲಿ ಹಳೆಯ ಟಾರ್ಚೊಂದನ್ನು ಬಿಚ್ಚಿಕೊಂಡು ಕೂತಿದ್ದರು.

“ಅಜ್ಜಾರ, ಮೋಡೆಮ್ ಡ್ರೈವರ್ ಕೆಲಸ ಮಾಡವಲ್ದು.”

“ಎರರ್ ಏನ್ ಬರತೈತಿ?”

“ಈಗ ಎರರ್ ಬರಾಂಗಿಲ್ರಿ. ಅದನ್ನ ನಾನ ಸರಿ ಮಾಡೀನಿ.”

“ಹ್ಯಾಂಗ?”

“ಯಾವ ಸಾಲು ತಕರಾರ ಮಾಡತಿತ್ತೋ ಆ ಸಾಲು ತಗದ ಒಗದ್ನಿ.”

“ಎಷ್ಟ ಸಾಲು?”

“ಅರವತ್ತ ಇರಬೇಕ್ರಿ.”

“ಆಮ್ಯಾಲೆ?”

“ಸುಮ್ಮನಾತು. ಡ್ರೈವರ್ ತಯಾರಾತು. ಒಳಗ ಕುಂದರಾಕ ಒಲ್ಲೆ ಅಂತು, ಒತ್ತಾಯ ಮಾಡಿ ಕುಂದರಿಸಿದ್ನಿ. ಕುಂತೈತಿ. ಆದ್ರ ಕೆಲಸ ಇಲ್ಲ.”

ಅಜ್ಜಾರು ಟಾರ್ಚಿನ ಸೆಲ್ಲನ್ನು ಪಂಚೆಯ ತುದಿಯಿಂದ ಒರೆಸಿದರು.

“ಎಲ್ಲಿ ನೋಯತೈತಿ ಅಂತ ಅದು ಬಾಯಿಬಿಟ್ಟ ಹೇಳತಿತ್ತು. ನೀ ಬಾಯಿ ಮುಚ್ಚಿಸಿದಿ. ಇರಲಿ. ಮೋಡೆಮ್ ಯಾವತ್ತಿಂದ ಎದ್ದಿಲ್ಲ?”

“ಸೋಮವಾರದಿಂದ್ರಿ.”

“ಸೋಮವಾರ ನಾನು ಗಂಟಿ ಕೇಳಿದ್ನೆಲ್ಲ.”

ಅಡಿವೆಪ್ಪ ನೆಲ ನೋಡಿದ.

“ನಿನ್ನಿನೂ ಕೇಳಿದ್ನಿ,” ಎಂದರು ಅಜ್ಜಾರು.

ಪಾಪ, ಅವನಿಗೆ ಅಳು ಬಂತು. ಇಪ್ಪತ್ತಾರು ವರ್ಷದವನು ಅಳುವುದನ್ನು ನೋಡುವುದು ಕಷ್ಟ. ಅಜ್ಜಾರೂ ನೋಡಲಿಲ್ಲ, ಟಾರ್ಚಿನ ತಿರುಪು ಬಿಗಿಮಾಡಿ ಎದ್ದರು.

“ಹೊತ್ತ ಎಷ್ಟಾತು?”

“ಎರಡೂವರಿ.”

“ನಡಿ.”

ಗಂಟೆಯ ಹತ್ತಿರ ಬಂದು ಹಗ್ಗವನ್ನು ಅವನ ಕೈಗೆ ಕೊಟ್ಟರು.

“ಎಷ್ಟ ಪೆಟ್ಟ ಹೊಡೀಲ್ರಿ?”

“ನೀರು ಬರತೈತೇನು?”

“ಗೊತ್ತಿಲ್ರಿ. ಕಚೇರ್ಯಾಗ ಯಾರೂ ಫೋನ್ ಎತ್ತವಲ್ರು.”

“ಬರಾಂಗಿಲ್ಲೇನು?”

“ಅದೂ ಗೊತ್ತಿಲ್ರಿ.”

“ಗೊತ್ತಿಲ್ಲದಾಗ ಮಂದಿನ್ನ ಎಲ್ಲಿ ಕುಂದರಿಸಬೇಕು? ಹೊಳಿಯಾಗೋ, ದಂಡಿ ಮ್ಯಾಲೋ?”

ಅಡಿವೆಪ್ಪ ಹಗ್ಗ ಜಗ್ಗಿದ. ಬಿಡದೆ ಹೊಡೆದ. ಅಂಗೈ ಸುಲಿಯುವವರೆಗೆ ಹೊಡೆದ.

ಮರಳಿನಲ್ಲಿ ಜನ ಎದ್ದರು. ಕೊಡ, ಹಾಸಿಗೆ, ಕೋಳಿಬುಟ್ಟಿ ಹೊತ್ತು ಮೆಟ್ಟಿಲ ಕಡೆ ಓಡಿದರು. ಕಿತ್ತ ಹಣ್ಣುಗಳನ್ನು ಅಲ್ಲೇ ಗುಡ್ಡೆ ಹಾಕಿ ಬಂದರು. ಹುಲಿಗೆವ್ವನ ಸೊಸೆ ಕೂಸನ್ನು ಎದೆಗವಚಿಕೊಂಡು ಏದುಸಿರು ಬಿಡುತ್ತ ಹತ್ತಿದಳು. ಅಜ್ಜಾರು ಕೂಸನ್ನು ಕೈಗೆ ತೆಗೆದುಕೊಂಡು, ಅವಳನ್ನು ನೆರಳಿಗೆ ಕೂರಿಸಿದರು.

“ಅಜ್ಜಾರ, ನೀವ ಹೇಳ್ರಿ ಅವರಿಗೆ,” ಎಂದು ಅಡಿವೆಪ್ಪ ಪಿಸುಗುಟ್ಟಿದ.

“ನನ್ನ ಕೈಯಾಗ ಕೂಸೈತಿ,” ಎಂದರು ಅಜ್ಜಾರು.

ಒಬ್ಬ ಮುದುಕ ಕೇಳಿದ: “ನೀರು ಎಷ್ಟೊತ್ತಿಗೆ ಬರತೈತಿ?”

“ಗೊತ್ತಿಲ್ಲ,” ಎಂದ ಅಡಿವೆಪ್ಪ.

“ಗೊತ್ತಿಲ್ಲಂದ್ರ? ಮತ್ತ್ಯಾಕ ಹೊಡದಿ?”

“ಸೋಮವಾರದಿಂದ ಗೊತ್ತಿಲ್ಲ. ಮಷೀನ ನಾನ ಕೆಡಿಸೀನಿ. ಎರಡ ದಿನ ಸುಮ್ಮಸುಮ್ಮನ ಹೊಡದೀನಿ.”

ಮುದುಕ ಹೆಗಲ ಮೇಲಿನ ಹಾಸಿಗೆ ಕೆಳಗಿಳಿಸಿದ.

“ನಿನ್ನಿದೂನಾ?” ಎಂದಳು ಹುಲಿಗೆವ್ವ.

“ಹೂಂ, ಯವ್ವಾ.”

ಅವಳು ಬೈಯಲಿಲ್ಲ. ಅಜ್ಜಾರ ಕೈಯಲ್ಲಿದ್ದ ಕೂಸನ್ನು ನೋಡಿದಳು, ಆಮೇಲೆ ಮುಖ ಆಚೆ ತಿರುಗಿಸಿದಳು. ನಾಲ್ಕು ಮಾತು ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು.

ಅಜ್ಜಾರು ಕೂಸನ್ನು ತಾಯಿಗೆ ಕೊಟ್ಟು ಶಿಷ್ಯನ ಹೆಗಲು ತಟ್ಟಿದರು. “ಬಾ. ಈಗ ಮೋಡೆಮ್ ನೋಡೂಣು.”

ಕಂಪ್ಯೂಟರಿನ ಮುಂದೆ ಕೂತರು.

“ನೀ ಕೈ ಹಚ್ಚದ ಡ್ರೈವರ್ ಐತೇನು?”

“ಮೂಲ ಪ್ರತಿ ಐತ್ರಿ.”

“ಅದನ್ನ ತಗಿ. ಅರವತ್ತೂ ಸಾಲು ವಾಪಸ್ ಬರಲಿ. ಕಂಪೈಲ್ ಮಾಡು.”

ಮಾಡಿದ. ಎರರ್‌ಗಳು ಧಡಧಡ ಬಂದು ಪರದೆ ತುಂಬಿದವು. ಅಡಿವೆಪ್ಪ ಕೊನೆಯ ಸಾಲಿಗೆ ಬೆರಳಿಟ್ಟ. “ನೋಡ್ರಿ, ಇದ.”

“ಇದು ಕಡೀದು. ಮೊದಲ ಕೂಗಿದ್ದು ಯಾವುದು?”

“ಅದು ಮ್ಯಾಲೆ ಹೋತ್ರಿ.”

“ಮ್ಯಾಲೆ ಹೋಗು.”

ಪರದೆಯನ್ನು ಹಿಂದಕ್ಕೆ ಸರಿಸುತ್ತ ಹೋದ. ಮೂರು ದಿನದಲ್ಲಿ ಅಷ್ಟು ಮೇಲಿನದನ್ನು ಅವನು ಓದದೆಯೇ ಅಳಿಸಿದ್ದ. ಎಲ್ಲಕ್ಕಿಂತ ಮೇಲೆ ಒಂದು ಸಣ್ಣ ಸಾಲಿತ್ತು: ಇಂಥ ಫೈಲ್ ಸಿಗುತ್ತಿಲ್ಲ.

“ಇದೊಂದ ಹೇಳತಿತ್ತು,” ಎಂದರು ಅಜ್ಜಾರು. “ಉಳಿದಾವೆಲ್ಲ ಇದರ ಹಿಂದ ಅತ್ತಾವು. ಆ ಫೈಲ್ ಏನದು?”

“ಹೆಡರ್ ಫೈಲ್ರಿ. ಕರ್ನಲ್ ಅಂದ್ರ ಲಿನಕ್ಸಿನ ಒಳಗಿನ ಜೀವ. ಅದರ ಅಳತಿ ಬರದಿಟ್ಟಿರತಾರ. ಡ್ರೈವರು ಆ ಅಳತಿ ನೋಡಿ ತಯಾರಾಗಬೇಕು.”

“ಈಗ ಓಡಾಕತ್ತಿದ್ದು ಯಾವ ಕರ್ನಲ್?”

“ಹೊಸಾದ್ರಿ. ಹದಿನಾಕನೇ ನಂಬರಿಂದು.”

“ನೀ ಹೇಳಬ್ಯಾಡ. ಮಷೀನ್ನ ಕೇಳು.”

ಕೇಳಿದ. ಹದಿನಾಲ್ಕು ಎಂದು ಬಂತು.

“ಅಳತಿ ಯಾವುದರದು ಇಟ್ಟಿ?”

ಅಡಿವೆಪ್ಪ ಹುಡುಕಿದ. ಹೆಡರ್‌ಗಳ ಫೋಲ್ಡರಿನ ಹೆಸರು ಹನ್ನೊಂದು ಎಂದು ಮುಗಿಯುತ್ತಿತ್ತು. ಹಳೆಯ ಆವೃತ್ತಿಯದು. ಹೊಸದನ್ನು ಹಾಕುವಾಗ ಅದರ ಹೆಡರ್ ಹಾಕುವುದನ್ನು ಮರೆತಿದ್ದ.

“ಅಯ್ಯ,” ಎಂದ. “ಮನಿ ಬಿಟ್ಟ ಹೋದಾವ್ರ ಅಳತಿಗೆ ಅಂಗಿ ಹೊಲ್ಯಾಕತ್ತಿದ್ನೆಲ್ರಿ.”

“ಹೊಸಾದರ ಅಳತಿ ಎಲ್ಲಿ ಸಿಗತೈತಿ?”

“ಅದ ಸಿ.ಡಿ.ಯಾಗ ಇರತೈತ್ರಿ.”

ಇತ್ತು. ಹಾಕಿದ. ಕಂಪೈಲ್ ಮಾಡಿದ. ಈ ಸಲ ಒಂದು ಎರರೂ ಇಲ್ಲ. ಡ್ರೈವರು ಒಲ್ಲೆ ಎನ್ನದೆ ಒಳಗೆ ಕೂತಿತು. ಮೋಡೆಮ್ಮಿನ ಹಸಿರು ದೀಪ ಮಿಟುಕಿತು, ಕಿರ್ರೆಂದು ಫೋನಿನ ತಂತಿ ಹಿಡಿದು ಮಾತಾಡಿತು.

ಮೂರು ಈಮೇಲು ಬಂದವು. ಸೋಮವಾರ ನೀರು ಬಿಡುವುದಿಲ್ಲ. ಮಂಗಳವಾರ ಬಿಡುವುದಿಲ್ಲ. ಬುಧವಾರವೂ ಇಲ್ಲ.

ಅಡಿವೆಪ್ಪ ಎರಡೂ ಕೈಯಿಂದ ಮುಖ ಒರೆಸಿಕೊಂಡ.

“ಅಜ್ಜಾರ, ಹಂಗಾದ್ರ ನಾ ಹೊಡದಿದ್ದು ಸುಳ್ಳಾಗಲಿಲ್ಲ.”

“ನೀರು ಬರಲಿಲ್ಲ ಅನ್ನೂದು ಖರೆ,” ಎಂದರು ಅಜ್ಜಾರು. “ನಿನಗ ಗೊತ್ತಿತ್ತು ಅನ್ನೂದು ಸುಳ್ಳು.”

ನಾಲ್ಕಾಯಿತು. ಅಡಿವೆಪ್ಪ ಮೆಟ್ಟಿಲ ಮೇಲೆ ನಿಂತು ಜನರಿಗೆ ಈಮೇಲು ಓದಿ ಹೇಳಿದ, ಆಮೇಲೆ ಒಂದು ಪೆಟ್ಟು ಹೊಡೆದ. ಜನ ಗೊಣಗುತ್ತ ಕೆಳಗಿಳಿದರು.

ಇವರೆಲ್ಲ ದಂಡೆಯ ಮೇಲೆ ಕೂತಿದ್ದಾಗ ಆಚೆ ದಡದಲ್ಲಿ ಮೇಯುತ್ತಿದ್ದ ಕುರಿಗಳು ಮರಳಿಗೆ ನುಗ್ಗಿದ್ದವು. ಹುಲಿಗೆವ್ವನ ಎರಡು ಸಾಲು ಬಳ್ಳಿ ತುಳಿದಾಡಿ ಹಣ್ಣುಗಳನ್ನು ಒಡೆದಿದ್ದವು. ಅಡಿವೆಪ್ಪ ಇಳಿದು ಹೋಗಿ ಅವಳ ಜೊತೆ ಒಡೆದ ಹಣ್ಣು ಆರಿಸಿದ.

ಆರಿಸಿ ಮುಗಿದ ಮೇಲೆ ಹುಲಿಗೆವ್ವ ಅಂದಳು: “ಹಣ್ಣ ಹೋದ್ರ ಹೋತು. ಮುಂದಿನ ವರ್ಷ ಬಳ್ಳಿ ಮತ್ತ ಬಿಡತೈತಿ. ಗೊತ್ತಿಲ್ಲಂದ್ರ ಗೊತ್ತಿಲ್ಲ ಅಂತ ಬಂದ ಹೇಳಪಾ. ನಾವು ನಿನ್ನ ಗಂಟಿ ಕೇಳಿ ಕೂಸಿನ್ನ ಮಲಗಸ್ತೀವಿ.”

ಅವನು ಮೇಲೆ ಬಂದಾಗ ಅಜ್ಜಾರು ಕಟ್ಟೆಯ ಮೇಲೆ ಕೂತು ಕಲ್ಲಂಗಡಿ ಹೆಚ್ಚುತ್ತಿದ್ದರು. ಒಂದು ಹೋಳು ಅವನ ಕಡೆ ಚಾಚಿದರು. ಅವನು ತೆಗೆದುಕೊಳ್ಳಲಿಲ್ಲ.

“ಅಜ್ಜಾರ, ಇನ್ನಮ್ಯಾಲೆ ನಾ ಗಂಟಿ ಮುಟ್ಟಾಂಗಿಲ್ರಿ. ನನಗ ಆ ಯೋಗ್ಯತಾ ಇಲ್ಲ. ಊರಾಗ ಬ್ಯಾರೆ ಯಾರಿಗರ ಹೇಳ್ರಿ.”

“ಯಾರಿಗೆ ಹೇಳಲಿ?”

“ಯಾರ ಆದ್ರೂ ಆಗತೈತ್ರಿ. ಒಮ್ಮೀನೂ ತಪ್ಪ ಹೊಡೀದಾವ್ರು.”

ಅಜ್ಜಾರು ಹೋಳನ್ನು ಅವನ ಸುಲಿದ ಅಂಗೈಯಲ್ಲಿಟ್ಟು, ಬೆರಳುಗಳನ್ನು ಮೆಲ್ಲಗೆ ಮಡಿಚಿದರು.

“ತಿನ್ನು, ತಮ್ಮಾ. ತಪ್ಪ ಹೊಡದ್ರ ಹ್ಯಾಂಗಾಗತೈತಿ ಅಂತ ಈ ಊರಾಗ ಗೊತ್ತಿರಾಂವ ನೀ ಒಬ್ಬನ. ಗೊತ್ತಿಲ್ಲದಾವ್ರ ಕೈಯಾಗ ನಾ ಆ ಹಗ್ಗ ಹ್ಯಾಂಗ ಕೊಡ್ಲಿ?”